ಗಿರಣಿ ಮುಂದಿನ ಕೆಂಪು ಗೆರೆ

ಹೊಂಡದ ಓಣಿಯ ಸಂಘಕ್ಕೆ ಗಡಿ ಹಾಕಿದ ನಕಾಶೆಯನ್ನು ಗಣಪ ಹೆಗಡೆಯವರು ಭಾನುವಾರ ಬೆಳಿಗ್ಗೆ ಸಮುದಾಯ ಭವನದ ಗೋಡೆಗೆ ಅಂಟಿಸಿದರು. ಸರ್ವೆ ಇಲಾಖೆಯಿಂದ ನಿವೃತ್ತರಾದವರು, ಸಂಘದ ಅಧ್ಯಕ್ಷರು. ಅವರು ಎಳೆದ ಕೆಂಪು ಗೆರೆ ರಸ್ತೆಯ ನಟ್ಟನಡುವೆ ಹೋಗಿತ್ತು. ಪೂರ್ವಕ್ಕಿದ್ದ ನಲವತ್ತೊಂದು ಮನೆ ಗೆರೆಯ ಒಳಗೆ. ಪಶ್ಚಿಮಕ್ಕಿದ್ದ ಹದಿನಾಲ್ಕು ಅಂಗಡಿ ಮತ್ತು ನನ್ನ ಹಿಟ್ಟಿನ ಗಿರಣಿ ಹೊರಗೆ.

ಗಿರಣಿಯನ್ನು ಊರಾಚೆಗೆ ಎತ್ತಿಸಬೇಕೆಂದು ಸಂಘ ಅರ್ಜಿ ಬರೆದಾಗಿತ್ತು. ಆ ಅರ್ಜಿಯ ಮೇಲೆ ಮತ ಹಾಕುವವರು ಗೆರೆಯ ಒಳಗಿನವರು ಮಾತ್ರ. ನನಗೀಗ ಎಪ್ಪತ್ತೆರಡು. ಕಾನಸೂರಿನಿಂದ ಬಂದು ಇದೇ ಗಿರಣಿಯಲ್ಲಿ ಕೂಲಿಗೆ ನಿಂತೆ, ಆಮೇಲೆ ಅದನ್ನೇ ಕೊಂಡೆ. ಈ ವಯಸ್ಸಿನಲ್ಲಿ ಕಲ್ಲು, ಮೋಟರು ಕಿತ್ತುಕೊಂಡು ಇನ್ನೊಂದು ಕಡೆ ಹೂಡುವುದು ಆಗದ ಕೆಲಸ. ಎತ್ತಿದರೆ ಮುಗಿಯಿತು ಅಂತಲೇ ಲೆಕ್ಕ.

ಅವರದ್ದೂ ಸುಳ್ಳು ದೂರಲ್ಲ. ನೇತ್ರಾ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು, ಮನೆ ಗಿರಣಿಯ ಎದುರಿಗೇ. ಅಂದಿನ ಸಭೆಯಲ್ಲಿ ಅವಳು ಎದ್ದು ನಿಂತು ಹೇಳಿದಳು: "ಕೆರಿಯಪ್ಪಣ್ಣ, ನಿಮ್ಮ ಮೇಲೆ ಸಿಟ್ಟಿಲ್ಲ. ಆದ್ರೆ ನಾನು ಮಲಗೋದೇ ಹಗಲೊತ್ತು. ನಿಮ್ಮ ಮೋಟರು ನನ್ನ ತಲೆದಿಂಬಿನೊಳಗೇ ತಿರುಗಿದ ಹಾಂಗೆ ಆಗ್ತದೆ."

ಝೆರಾಕ್ಸ್ ಅಂಗಡಿಯ ಸತೀಶ ಕೂತಲ್ಲಿಂದಲೇ ಕೂಗಿದ: "ಹಂಗಾದ್ರೆ ಕಮಿಟಿಯಲ್ಲಿ ನಮಗೂ ಅರ್ಧ ಕೊಡಿ. ಇಲ್ದಿದ್ರೆ ನಮ್ಮದೇ ಬೇರೆ ಸಂಘ ಮಾಡ್ಕಂತೀವಿ. ನಿಮ್ಮ ಕಾರು ನಮ್ಮ ಅಂಗಡಿ ಮುಂದೆ ನಿಲ್ಲಿಸೋದು ಬಂದ್!"

"ಮಾಡ್ಕೋ ಮಾರಾಯ. ಆಮೇಲೆ ಫೋಟೋಕಾಪಿ ನೀನೇ ತೆಗಿ, ನೀನೇ ಓದು," ಎಂದು ಯಾರೋ ಅಂದರು. ನಗು, ಗದ್ದಲ.

ನನ್ನ ಹೆಂಡತಿ ದ್ಯಾವಮ್ಮ ಪಕ್ಕದಿಂದ ತಿವಿದಳು. "ಬಾಯಲ್ಲಿ ಹಿಟ್ಟು ತುಂಬ್ಕಂಡು ಕುಂತೀರಾ? ಯಾರ್ಯಾರ ಮನೆಯಿಂದ ಎಷ್ಟು ಕೆಜಿ ಬರ್ತದೆ ಅಂತ ಹೇಳ್ರಿ. ನಿಮಗೆ ಗೊತ್ತಿಲ್ದೇ ಇರೋದು ಎಂತ ಐತೆ?"

ಗೊತ್ತಿತ್ತು. ಅಧ್ಯಕ್ಷರ ಮನೆಯಿಂದ ಪ್ರತಿ ಸೋಮವಾರ ಹಪ್ಪಳಕ್ಕೆಂದು ಹನ್ನೆರಡು ಕೆಜಿ ಉದ್ದು ಬರುತ್ತದೆ. ಅಷ್ಟು ಹಪ್ಪಳವನ್ನು ಗಂಡ ಹೆಂಡತಿ ಇಬ್ಬರೇ ತಿಂದು ಮುಗಿಸಲಾರರು. ಮೂರನೇ ಮನೆಯಿಂದ ಚಕ್ಕುಲಿ ಹಿಟ್ಟಿಗೆ ಅಕ್ಕಿ, ತಿರುವಿನ ಮನೆಯಿಂದ ಗೋಣಿಗಟ್ಟಲೆ ಸಾಂಬಾರು ಪುಡಿಯ ಸಾಮಾನು. ಪೂರ್ವದ ಸಾಲಿನಲ್ಲಿ ಹದಿನೆಂಟು ಮನೆ ಹೀಗೆ. ಆದರೆ ಒಬ್ಬರ ಡಬ್ಬಿಯ ವಿಷಯ ಇನ್ನೊಬ್ಬರ ಎದುರಿಗೆ ಆಡಬಾರದು ಎಂದು ಗಿರಣಿಯ ಹಳೆಯ ಯಜಮಾನರು ಮೊದಲ ದಿನವೇ ಹೇಳಿದ್ದರು. ನಲವತ್ತೆಂಟು ವರ್ಷ ನಾನು ಅದನ್ನು ಮೀರಿಲ್ಲ. ಆ ದಿನ ಗಿರಣಿ ಹೋದರೂ ಮೀರುವುದಿಲ್ಲ ಎಂದು ಕೂತಿದ್ದೆ.

ಕೊನೆಗೆ ಎದ್ದೆ. "ಹೆಗಡೇರೆ, ಒಂದು ಮಾತು ಕೇಳ್ಲಾ?"

"ಕೇಳು ಕೆರಿಯಪ್ಪ."

"ಈ ಗೆರೆ ಎಂತದ್ದನ್ನ ನೋಡಿ ಹಾಕಿದ್ದು?"

"ವ್ಯಾಪಾರ ಮಾಡುವವರು ಆಚೆ, ವಾಸ ಇರುವವರು ಈಚೆ. ಅಷ್ಟೇಯ."

"ಸರಿ. ಹಂಗಾದ್ರೆ ಗೆರೆ ನೆಟ್ಟಗೆ ಹೋಗೂದಿಲ್ಲ. ಮಾರೂಕೆ ಅಂತ ಏನಾದ್ರೂ ಮಾಡೋ ಮನೆ ಬಂದಲ್ಲೆಲ್ಲ ಸುತ್ತು ಹಾಕ್ಬೇಕಾಗ್ತದೆ. ಯಾವ ಮನೆ ಅಂತ ನಾನು ಹೇಳೂದಿಲ್ಲ. ಅವರವರೇ ಹೇಳ್ಲಿ."

ಹದಿನೆಂಟು ಮನೆಯವರೂ ನನ್ನ ಬಾಯನ್ನೇ ನೋಡುತ್ತಿದ್ದರು. ಹೆಗಡೆಯವರು ಕನ್ನಡಕ ತೆಗೆದು ಒರೆಸತೊಡಗಿದರು. ನಾನು ಕೂತುಬಿಟ್ಟೆ.

ಹೆಂಗಸರ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಎದ್ದವರು ಅಧ್ಯಕ್ಷರ ಹೆಂಡತಿ ಲಕ್ಷ್ಮಕ್ಕ. ಮನೆಯ ಹವ್ಯಕ ಮಾತಿನಲ್ಲೇ ಹೇಳಿದರು:

"ಎಂಗಳ ಮನೇನೂ ಆಚೆಗೇ ಹಾಕಿ. ಆನು ಹಪ್ಪಳ ಮಾರ್ತೆ. ಯಲ್ಲಾಪುರದ ವರೆಗೂ ಹೋಗ್ತು."

"ನೀ ಕೂತ್ಕ," ಎಂದರು ಹೆಗಡೆಯವರು, ಮೆಲ್ಲಗೆ.

"ಎಂತಕ್ಕೆ ಕೂರವು? ಕಳ್ಳತನ ಮಾಡಿದ್ನಿಲ್ಲೆ!"

ಯಾರೋ ಚಪ್ಪಾಳೆ ತಟ್ಟಿದರು. ಚಕ್ಕುಲಿ ಮನೆಯ ಪರಿಮಳಾ ಎದ್ದಳು. ಹೊಲಿಗೆಯವಳು ಎದ್ದಳು, ಟ್ಯೂಷನ್ ಹೇಳುವ ಮೇಷ್ಟರು ಎದ್ದರು. ನನ್ನ ಗಿರಣಿಗೆ ಒಂದು ಕಾಳೂ ತರದವರು ಸಹ ಎದ್ದರು. ಇಪ್ಪತ್ತಾರರ ವರೆಗೆ ಎಣಿಸಿದೆ. ಹೆಗಡೆಯವರು ನಕಾಶೆಯತ್ತ ತಿರುಗಿ ನಿಂತರು. ಅವರ ಭುಜ ಕುಣಿಯುವುದು ಕಂಡು ಅಳುತ್ತಿದ್ದಾರೆಯೇ ಎಂದು ಹೆದರಿದೆ. ತಿರುಗಿದಾಗ ನಗುತ್ತಿದ್ದರು.

"ಮೂವತ್ತು ವರ್ಷ ಗಡಿ ಅಳತೆ ಮಾಡಿದವನು ನನ್ನ ಮನೆಯನ್ನೇ ಹೊರಗೆ ಹಾಕಿಕೊಂಡೆ," ಎಂದು ಆ ನಕಾಶೆ ಕಿತ್ತು, ಅದರ ಬೆನ್ನಿಗೇ ಹೊಸ ಗೆರೆ ಎಳೆದರು. ಅದು ರಸ್ತೆಯನ್ನು ಮುಟ್ಟಲಿಲ್ಲ. ಈಚೆ ಮನೆಗಳ ಹಿತ್ತಲ ಹಿಂದಿನಿಂದ ಹೊರಟು, ಆಚೆ ಅಂಗಡಿಗಳ ಹಿಂಗೋಡೆ ಬಳಸಿ ಬಂದು ಕೂಡಿತು. ರಸ್ತೆ ಎಲ್ಲರ ನಡುವೆ ಉಳಿಯಿತು.

ಸತೀಶ ಮತ್ತೆ ಅರ್ಧ ಸ್ಥಾನ ಕೇಳಿದ. ನೇತ್ರಾ ಬಿಡಲಿಲ್ಲ. "ಸಂಜೆ ಬಾಗಿಲು ಹಾಕಿ ಹೋಗೋರು ನೀವು. ಇಲ್ಲೇ ಬದುಕೋರು ನಾವು. ಸಮ ಹೆಂಗಾಗ್ತದೆ?" ಅದೂ ನ್ಯಾಯವೇ. ಊಟದ ಹೊತ್ತಿನವರೆಗೆ ಜಗ್ಗಾಡಿ ಒಪ್ಪಿದ್ದಿಷ್ಟು: ಹನ್ನೊಂದು ಜನರ ಕಮಿಟಿ, ಮನೆಗಳಿಂದ ಏಳು, ವ್ಯಾಪಾರದವರಿಂದ ನಾಲ್ಕು. ಸದ್ದು, ಲಾರಿ, ಅಂಗಡಿ ಹೊತ್ತು, ಇಂಥದ್ದಕ್ಕೆ ಎರಡೂ ಕಡೆಯಿಂದ ಕನಿಷ್ಠ ಇಬ್ಬರು ಒಪ್ಪಲೇಬೇಕು. ಮನೆ, ವ್ಯಾಪಾರ ಎರಡೂ ಇರುವವರು ಒಂದು ಕಡೆ ಹೆಸರು ಬರೆಸಬೇಕು, ಮತ ಒಂದೇ.

ಗಿರಣಿ ಎತ್ತಿಸುವ ಅರ್ಜಿಯನ್ನು ಓದಿದರು. ಪರವಾಗಿ ಒಂದು ಕೈಯೂ ಮೇಲೇಳಲಿಲ್ಲ. ನೇತ್ರಾಳ ಕೈಯೂ ಇಲ್ಲ, ಸದ್ದಿನ ದೂರಿಗೆ ಈಗ ಕಮಿಟಿ ಇತ್ತಲ್ಲ. ಗಿರಣಿ ಉಳಿಯಿತು! ದ್ಯಾವಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಎದ್ದು, ಯಾರೂ ಕೇಳದಿದ್ದರೂ, ಹನ್ನೊಂದರಿಂದ ನಾಲ್ಕರವರೆಗೆ ಇನ್ನು ಮೋಟರು ಹಾಕುವುದಿಲ್ಲ ಎಂದೆ. ನೇತ್ರಾ ಎರಡೂ ಕೈ ಮುಗಿದಳು.

ಆಮೇಲೆ ವ್ಯಾಪಾರದವರ ನಾಲ್ವರನ್ನು ಆರಿಸುವ ಕೆಲಸ. ಮೊದಲ ಹೆಸರು ನನ್ನದು ಬಂತು. ನಾನು ಬೇಡವೆಂದು ಇನ್ನೊಂದು ಹೆಸರು ಹೇಳಿದೆ. ಸತೀಶ ಬೆಂಚು ಗುದ್ದಿ ಹೌದೆಂದ, ಹದಿನಾಲ್ಕು ಅಂಗಡಿಯವರೂ ಹೌದೆಂದರು.

ಲಕ್ಷ್ಮಕ್ಕ ಹೆಂಗಸರ ಸಾಲಿನಿಂದೆದ್ದು, ಇಡೀ ಭವನ ದಾಟಿ, ನಮ್ಮ ಬೆಂಚಿನ ತುದಿಯಲ್ಲಿ ಗಂಡನಿಗೆ ಎದುರಾಗಿ ಕೂತರು. ಸೆರಗು ಸರಿಮಾಡಿಕೊಂಡು, ಈ ಸಲ ಮನೆಮಾತು ಬಿಟ್ಟು ಸಭೆಯ ಕನ್ನಡದಲ್ಲೇ ಕೇಳಿದರು:

"ಅಧ್ಯಕ್ಷರೇ, ನಮ್ಮ ಕಡೆಯಿಂದ ಮೊದಲನೇ ವಿಷಯ. ಶುರು ಮಾಡಲೇ?"