ಮುಳ್ಳು ಮುಟ್ಟದ ಮಗ್ಗುಲು

"ನಾನು ಬರೋವರೆಗೆ ರೆಕಾರ್ಡಿನ ಆ ಮಗ್ಗುಲು ಹಾಕ್ಬೇಡ, ಇಬ್ರೂ ಕೂತು ಕೇಳೋಣ" ಅಂದಿದ್ದ ಅಣ್ಣ. ಹೂಂ ಅಂದಿದ್ದಳು ತಂಗಿ. ಆಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಈಗ ಅವಳ ಮಗಳ ತಲೆಯಲ್ಲೇ ಬಿಳಿಕೂದಲು ಇಣುಕುತ್ತಿದೆ.

ಅಣ್ಣ ಗಿಟಾರ್ ನುಡಿಸುವವನು. ಗೆಳೆಯರೊಂದಿಗೆ ಸೇರಿ ತಂದದ್ದು ಒಂದೇ ಒಂದು ರೆಕಾರ್ಡು. ಜಾಝ್ ಮಂದಿ ಇದು ರಾಕಿನ ಗದ್ದಲ ಎಂದರು, ರಾಕ್ ಮಂದಿ ಇದೆಲ್ಲ ಜಾಝಿನ ಕಸರತ್ತು ಎಂದರು. ಯಾವ ಕಪಾಟಿನಲ್ಲಿಡಬೇಕೋ ತಿಳಿಯದೆ ಅಂಗಡಿಯವನು ಅದನ್ನು ಬಾಗಿಲ ಪಕ್ಕದ ಬುಟ್ಟಿಗೆ ಹಾಕಿದ. ಆ ಗಿಟಾರೋ, ನೆಟ್ಟಗೆ ನಡೆದದ್ದೇ ಇಲ್ಲ. ಒಮ್ಮೆ ಕಿರುಚಿ, ಒಮ್ಮೆ ನೀರೊಳಗಿಂದ ಮಾತಾಡಿದ ಹಾಗೆ ಗುನುಗಿ, ದಾರಿ ತಪ್ಪಿತು ಅನ್ನುವಷ್ಟರಲ್ಲಿ ಮನೆ ಬಾಗಿಲಿಗೇ ಬಂದು ನಿಲ್ಲುತ್ತಿತ್ತು.

ತಂಗಿ ಆಗಲೂ ಬಟ್ಟೆ ಹೊಲಿಯುತ್ತಿದ್ದಳು, ಈಗಲೂ ಅದೇ. ಸದಾ ಕಳೆದುಹೋದ ಗುಂಡಿ ಹುಡುಕುತ್ತ ನೆಲದ ಮೇಲೇ ಇರುತ್ತಿದ್ದರಿಂದ ಅಣ್ಣ ಅವಳನ್ನು 'ಗುಂಡಿ' ಎಂದೇ ಕರೆಯುತ್ತಿದ್ದ. ಅವಳ ಹೊಲಿಗೆ ಮಿಷನ್ನಿನ ಸದ್ದನ್ನು ಟೇಪಿನಲ್ಲಿ ಹಿಡಿದು, ಹಿಂದುಮುಂದು ಮಾಡಿ, ಗಿಟಾರಿನ ಅಡಿಗೆ ಸೇರಿಸಿದ್ದನಂತೆ. ಅದಿದ್ದದ್ದು ಎರಡನೇ ಮಗ್ಗುಲಿನಲ್ಲಿ. ರೆಕಾರ್ಡು ತಂದ ದಿನ ಮೊದಲ ಮಗ್ಗುಲು ಮುಗಿಯುವ ಹೊತ್ತಿಗೆ ಹೊರಗೆ ವ್ಯಾನಿನ ಹಾರನ್ನು. ಹಡಗಿನ ವಾದ್ಯಮೇಳದಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು.

"ನಿನ್ ಮಿಷನ್ನು ಎಲ್ಲಿ ಬರುತ್ತೆ ಅಂತ ನಾನೇ ತೋರಿಸ್ಬೇಕು ಗುಂಡಿ. ನಿಂಗೊಬ್ಳಿಗೇ ಗೊತ್ತಾಗಲ್ಲ" ಎಂದು ಅವಳ ತಲೆ ಮೇಲೊಂದು ಮೊಟಕಿ ಹೋದ.

ಕಾಗದಗಳು ಬಂದವು, ಆಮೇಲೆ ನಿಂತವು. ಇದ್ದಾನೋ ಇಲ್ಲವೋ ಹೇಳುವವರಿಲ್ಲ. ಅವಳು ಮೊದಲ ಮಗ್ಗುಲನ್ನೇ ಸವೆಯುವಷ್ಟು ಹಾಕಿದಳು. ಅಡಿಯ ಮಗ್ಗುಲಿಗೆ ಗೀರು ಬೀಳದಿರಲೆಂದು ಮೆತ್ತನೆ ಬಟ್ಟೆ ದುಂಡಗೆ ಕತ್ತರಿಸಿ, ಅಂಚು ಹೊಲಿದು, ಕೆಳಗೆ ಹಾಸುತ್ತಿದ್ದಳು. ಕೂಸಿಗೆ ಹಾಸಿಗೆ ಹಾಸ್ತಿದ್ದೀಯೇನೇ ಎಂದು ಗಂಡ ಇದ್ದಷ್ಟು ದಿನ ಛೇಡಿಸಿದ.

ಮೊನ್ನೆ ಅಣ್ಣನ ಜೊತೆಗಾರ, ಆ ರೆಕಾರ್ಡಿಗೆ ಡ್ರಮ್ ಬಾರಿಸಿದವನು, ವಿಳಾಸ ಹುಡುಕಿಕೊಂಡು ಬಂದ. ಈಗ ಜನಕ್ಕೆ ಕಾರು ಓಡಿಸುವುದು ಕಲಿಸುತ್ತಾನಂತೆ. ಕುರ್ಚಿಯಲ್ಲಿ ಕೂತರೂ ಕಾಲು ಬ್ರೇಕು ಒತ್ತುತ್ತಲೇ ಇತ್ತು. ಮೂಲ ಟೇಪು ಬೂಷ್ಟು ಹಿಡಿದು ಹಾಳಾಗಿದೆ ಎಂದ. ರೆಕಾರ್ಡನ್ನು ಮತ್ತೆ ತರುತ್ತೇವೆಂದು ಯಾರೋ ಮುಂದೆ ಬಂದಿದ್ದಾರೆ. ಆದರೆ ಸಿಕ್ಕ ಪ್ರತಿಗಳಲ್ಲೆಲ್ಲ ಎರಡನೇ ಮಗ್ಗುಲೇ ಸವೆದಿದೆ. ಅಣ್ಣ ಗಿಟಾರನ್ನು ಉದ್ದಕ್ಕೆ ನುಡಿಸಿರುವುದು ಅಲ್ಲೇ ಆದ್ದರಿಂದ ಎಲ್ಲರೂ ಅದನ್ನೇ ಉಜ್ಜಿದ್ದಾರೆ. ಮುಳ್ಳು ಮುಟ್ಟದ ಮಗ್ಗುಲು ಇರುವುದು ಇವಳೊಬ್ಬಳ ಹತ್ತಿರ. ಸ್ಟುಡಿಯೋದಲ್ಲಿ ಒಮ್ಮೆ ಹಾಕಿ ಅದರಿಂದಲೇ ಹೊಸ ಪ್ರತಿ ತೆಗೆಯೋಣ ಎಂದ.

ಅವಳು ಎದ್ದು ಒಳಗೆ ಹೋಗಿ ಪಾತ್ರೆ ತೊಳೆದಳು. ಕೇಳಿಬಿಟ್ಟರೆ ಅಣ್ಣ ಇನ್ನು ಬರುವುದಿಲ್ಲ ಎಂದು ತಾನೇ ಒಪ್ಪಿಕೊಂಡ ಹಾಗೆ. ಕೊಡದಿದ್ದರೆ ಅವನ ಗಿಟಾರು ಅಲ್ಲಿಗೆ ಮುಗಿಯಿತು.

ಮಗಳು ಬೆನ್ನ ಹಿಂದೆ ಬಂದು ನಿಂತು ಹೇಳಿದಳು: "ಮಾವನ್ನ ಕಾಯೋದು ಸರೀನಮ್ಮ. ಅವ್ನ ಗಿಟಾರೂ ಹೋದ್ಮೇಲೆ ಏನಂತ ಕಾಯ್ತೀಯಾ?"

ಮಾರನೇ ದಿನ ಬಟ್ಟೆಯ ಸಮೇತ ರೆಕಾರ್ಡನ್ನು ಎದೆಗವಚಿಕೊಂಡು ಅವಳೇ ಸ್ಟುಡಿಯೋಗೆ ಹೋದಳು. ಅಲ್ಲಿಯ ತಂತ್ರಜ್ಞ ಧೂಳು ಒರೆಸಿ, ರೆಕಾರ್ಡನ್ನು ಮೆಲ್ಲಗೆ ಮಗುಚಿ ಇಟ್ಟ. ಡ್ರಮ್ಮಿನವನು ಪಕ್ಕದ ಕುರ್ಚಿ ಎಳೆದ.

"ಕೂತ್ಕೊಳಮ್ಮ. ಮಿಷನ್ ಸದ್ದು ಎಲ್ಲಿದೆ ಅಂತ ನಂಗೊತ್ತು, ತೋರಿಸ್ತೀನಿ."

"ತೋರಿಸ್ತೀನಿ ಅಂದೋನು ನೀವಲ್ಲ" ಎಂದಳು. ಯಂತ್ರ ಸದ್ದನ್ನು ಹಿಡಿದುಕೊಳ್ಳುವುದಕ್ಕೆ ತಾನು ಒಳಗಿರಬೇಕೇ ಎಂದು ತಂತ್ರಜ್ಞನನ್ನು ಕೇಳಿದಳು. ಬೇಡ ಎಂದ. ಬಾಗಿಲು ಎಳೆದುಕೊಂಡು ಹೊರಗೆ ಬಂದಳು.

ಎದುರಿನ ಟೈರ್ ಅಂಗಡಿಯ ಗಾಳಿಯಂತ್ರ ಬಡಬಡಿಸುತ್ತಿತ್ತು. ಒಳ್ಳೆಯದೇ ಆಯಿತು ಎಂದುಕೊಂಡಳು. ನಿಂತು ನಿಂತು ಕಾಲು ಸೋತು ಸ್ಟುಡಿಯೋದ ಗೋಡೆಗೆ ಅಂಗೈ ಊರಿದಾಗ ಗೋಡೆ ಸಣ್ಣಗೆ ನಡುಗುತ್ತಿತ್ತು, ಮಿಷನ್ ತುಳಿಯುವಾಗ ಹಲಗೆ ನಡುಗುವ ಹಾಗೆ. ಬೆರಳುಗಳು ಅಲ್ಲೇ ಇರುತ್ತೇವೆ ಎಂದವು. ಇದೂ ಕೇಳಿದಂತೆಯೇ ಅನ್ನಿಸಿ ಕೈ ಕಿತ್ತುಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು.

ಡ್ರಮ್ಮಿನವನು ಅತ್ತು ಕಣ್ಣು ಕೆಂಪಗೆ ಮಾಡಿಕೊಂಡು ಹೊರಗೆ ಬಂದ. ಏನೋ ಹೇಳಲು ಬಾಯಿ ತೆರೆದವನಿಗೆ ಅವಳು ಕೈ ಅಡ್ಡ ಹಿಡಿದಳು. ರೆಕಾರ್ಡನ್ನು ಇಸಿದುಕೊಂಡು, ಬಟ್ಟೆಯಲ್ಲಿ ಸುತ್ತಿ, ಬಸ್ಸು ಹತ್ತಿದಳು.

ಹೊಸ ರೆಕಾರ್ಡು ಹೊರಬಂತು. ಮಗಳೂ ತಂದು ಕೇಳಿದಳು, ಅಮ್ಮ ಮನೆಯಲ್ಲಿಲ್ಲದಾಗ. ಅಣ್ಣ ಬರಲಿಲ್ಲ. ತಂಗಿ ಆ ಮಗ್ಗುಲು ಕೇಳಲಿಲ್ಲ. ಮಾತು ಉಳಿಸಿಕೊಂಡಳು.