ಚೆನ್ನಪ್ಪನ ಕಾಲಿನೊಳಗಿನ ಬಲೆ

ಸುಳ್ಳು ನೀರಲ್ಲಿ ತೇಲುವ ವಸ್ತುವಾಗಿದ್ದರೆ ಕಾಪುವಿನ ಚೆನ್ನಪ್ಪನಿಗೆ ಮೀನು ಹಿಡಿಯಲು ಬೋಟೇ ಬೇಕಿರಲಿಲ್ಲ. ಬಲೆ ಬಿಡಿಸುವಾಗ ಸತ್ತ ತೇಡೆ ಮೀನಿನ ಮುಳ್ಳು ಪಾದಕ್ಕೆ ಹೊಕ್ಕಿತು, ಅಷ್ಟೇ. ಅವನು ಊರಿಗೆಲ್ಲ ಹೇಳಿದ್ದು, ತಿಮಿಂಗಿಲವೊಂದು ತನ್ನನ್ನು ನುಂಗಿ, ಬೀಡಿ ವಾಸನೆ ತಾಳಲಾರದೆ ಉಗುಳಿತು ಎಂದು.

"ನುಂಗಿದ್ದು ಹೌದಾದ್ರೆ ಅಲ್ಲೇ ಇಟ್ಟುಕೊಳ್ಳಬಾರದಿತ್ತಾ ಅದು?" ಎಂದಳು ಹೆಂಡತಿ ನಳಿನಾಕ್ಷಿ.

"ನಿನ್ನ ನೆನಪಾಗಿ ಒಳಗೆ ಕೂತು ಅತ್ತುಬಿಟ್ಟೆ ಮಾರಾಯ್ತಿ. ಅದಕ್ಕೆ ಹೊಟ್ಟೆ ತುಂಬ ನೀರಾಯಿತು."

ಗಾಯ ಕೀವಾಯಿತು. ಕಾಲಿನ ಮೀನಖಂಡ ಊದಿ ಕಲ್ಲಾಯಿತು. ಆಸ್ಪತ್ರೆ ಎಂದರೆ ಅವನು ಕಿವಿಯೇ ಕೊಡಲಿಲ್ಲ. ಬಲೆ ಎಳೆದು ಸೆಟೆದ ಕೈಕಾಲಿಗೆ ಆ ಕೇರಿಯಲ್ಲಿ ಮದ್ದು ಒಂದೇ: ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ, ಮನೆಯವಳ ಹೆಬ್ಬೆರಳು. ನಳಿನಾಕ್ಷಿ ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಗಂಟು ಕರಗಲಿ ಎಂದು, ಇದ್ದ ಪ್ರೀತಿಯನ್ನೆಲ್ಲ ಬೆರಳಿಗೆ ತಂದು ಕೆಳಗಿನಿಂದ ಮೇಲಕ್ಕೆ ತಿಕ್ಕಿದಳು.

"ಹಾ, ಹಗುರ ಆಯ್ತು ನೋಡು," ಎಂದು ಎದ್ದು ನಿಂತವನು ಎದೆ ಹಿಡಿದು ಕುಸಿದ. ಉಸಿರು ಸಿಗಲಿಲ್ಲ.

ಮಣಿಪಾಲದ ಆಸ್ಪತ್ರೆಯಲ್ಲಿ ಡಾಕ್ಟರ್ ಸ್ವರ್ಣಲತಾ ಸ್ಕ್ಯಾನ್ ನೋಡಿ ಬಂದರು.

"ಗಾಯದಲ್ಲಿ ಕೀವು ಉಂಟಲ್ವಾ ಅಮ್ಮಾ, ಕ್ರಿಮಿ ಹಿಡಿಯಲಿಕ್ಕೆ ಬಿಳಿ ರಕ್ತಕಣಗಳು ಬರ್ತವೆ. ಕೆಲವು ತಮ್ಮ ಒಳಗಿನ ನೂಲನ್ನೇ ಹೊರಗೆ ಎಸೆದು ಬಲೆ ಮಾಡ್ತವೆ. ಇವರಿಗೆ ಆ ಬಲೆ ರಕ್ತನಾಳದೊಳಗೂ ಬಿತ್ತು. ಅದಕ್ಕೆ ರಕ್ತ ಸಿಕ್ಕಿಕೊಂಡು ಹೆಪ್ಪುಗಟ್ಟಿತು. ಅದರ ತುಂಡು ಈಗ ಶ್ವಾಸಕೋಶದಲ್ಲಿ ಕೂತಿದೆ."

ಚೆನ್ನಪ್ಪ ಆಕ್ಸಿಜನ್ ಮಾಸ್ಕ್ ಸರಿಸಿದ. "ಬೀಸಿದ್ದು ಸರಿ... ಎಳೆಯಲಿಕ್ಕೆ ಮರೆತವಾ? ನಮ್ಮ ಬೋಟಿನವರೇ ಇರಬೇಕು."

ಡಾಕ್ಟರು ನಗಲಿಲ್ಲ. "ಕಾಲನ್ನು ಯಾರಾದ್ರೂ ತಿಕ್ಕಿದ್ರಾ? ತಿಕ್ಕಿದರೆ ಹೆಪ್ಪು ಕಿತ್ತುಕೊಂಡು ಹೋಗುವುದುಂಟು."

ನಳಿನಾಕ್ಷಿಯ ಬಾಯಿ ತೆರೆಯಿತು. ಬೆರಳಲ್ಲಿ ಇನ್ನೂ ಬೆಳ್ಳುಳ್ಳಿ ವಾಸನೆ.

"ಯಾರೂ ಮುಟ್ಟಲಿಲ್ಲ ಡಾಕ್ಟ್ರೇ," ಎಂದ ಚೆನ್ನಪ್ಪ, ಒಂದೊಂದು ಮಾತಿಗೂ ಉಸಿರು ಹುಡುಕುತ್ತ. "ಇವಳಿಗೆ ನನ್ನ ಕಾಲು ಕಂಡ್ರೆ ಅಸಹ್ಯ. ಆ ತಿಮಿಂಗಿಲ ಪುನಃ ಬಂದಿತ್ತು. ನಾನು ಒದ್ದೆ. ಕಿತ್ತದ್ದು ಆಗ."

ಎಣ್ಣೆಯಲ್ಲಿ ಮಿನುಗುತ್ತಿದ್ದ ಕಾಲನ್ನು ಡಾಕ್ಟರು ನೋಡಿದರು. ನಳಿನಾಕ್ಷಿಯ ಕೈಯನ್ನೂ ನೋಡಿದರು. "ತಿಕ್ಕದೆಯೂ ಹೋಗುತ್ತದೆ ಅಮ್ಮಾ. ಹೀಗೇ ಅಂತ ಹೇಳಲಿಕ್ಕೆ ಆಗುವುದಿಲ್ಲ," ಎಂದರು.

ಹೆಪ್ಪು ಕರಗಿಸುವ ಮದ್ದು ಕೊಟ್ಟರು. ಸಂಜೆಯ ಬೋಟುಗಳು ದಡ ಸೇರುವ ಹೊತ್ತಿಗೆ ಚೆನ್ನಪ್ಪ ಇರಲಿಲ್ಲ.

ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಇನ್ನಂಜೆ, ಎಲ್ಲೂರಿನಿಂದ ನೆಂಟರು ಬಂದರು. ಬೋಟಿನ ಜೊತೆಗಾರ ಜಿತೇಂದ್ರ ಮೆಲ್ಲಗೆ ಕೇಳಿದ: "ಎಂತ ಆದದ್ದು ಅಕ್ಕಾ? ಮುಳ್ಳು ಚುಚ್ಚಿ ಯಾರಾದ್ರೂ ಸಾಯ್ತಾರಾ?"

ಜೀವಮಾನವಿಡೀ ಗಂಡನ ಸುಳ್ಳನ್ನು ಗುಡಿಸಿ ಹೊರಗೆ ಹಾಕಿದ ಹೆಂಗಸು ಅವಳು. ಸೆರಗು ಸರಿಮಾಡಿಕೊಂಡಳು.

"ತಿಮಿಂಗಿಲ ಬಂದಿತ್ತು," ಎಂದಳು. "ಇವರನ್ನು ನುಂಗಿ ಉಗುಳಿತು."

"ಬೀಡಿ ವಾಸನೆ ಹೇಳಲಿಕ್ಕೇ ಮರೆತಿರಲ್ಲ ಅಕ್ಕಾ!" ಜಿತೇಂದ್ರ ನಗುತ್ತಲೇ ಕಣ್ಣೊರೆಸಿದ. ಪಂಕ್ತಿಯೆಲ್ಲ ನಕ್ಕಿತು.

"ಹೌದು, ಬೀಡಿ ವಾಸನೆಗೆ. ಮತ್ತೆ ಪುನಃ ಬಂತು. ಇವರು ಒದ್ದರು." ಒದ್ದದ್ದನ್ನು ತೋರಿಸಲು ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಹೆಬ್ಬೆರಳು ಕಣ್ಣೆದುರು ಬಂತು.

"ಆಮೇಲೆ?" ಎಂದರು ಎಲ್ಲರೂ.

ಆಮೇಲಿನದ್ದನ್ನು ಚೆನ್ನಪ್ಪ ಹೇಳಿಕೊಟ್ಟಿರಲಿಲ್ಲ.