ಬರಿಗೈಯಲ್ಲಿ ಬಂದ ಶಕುಂತಲಮ್ಮ

ಕಸ್ಟಮ್ಸ್ ಅಧಿಕಾರಿ ಎಂದರೆ ಬೂಟು, ಬೆಲ್ಟು, ಗಂಟುಮೋರೆ ಎಂದುಕೊಂಡೇ ಬೆಳೆದವಳು ರೆಶೆಲ್. ಗಲ್ಫಿನಿಂದ ಮಂಗಳೂರಿಗೆ ಬಂದಿಳಿಯುತ್ತಿದ್ದ ಮಾವಂದಿರು ಹೇಳುತ್ತಿದ್ದ ಕತೆಗಳೇ ಹಾಗಿದ್ದವು. ಅಂಥವಳಿಗೆ ಐರ್ಲೆಂಡಿನ ಡೊನೆಗಾಲ್‌ನ ಈ ಪುಟ್ಟ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿಯನ್ನೇ ಎರಡು ಕೈಯಲ್ಲಿ ಎತ್ತಿಕೊಂಡು ಓಡಾಡುವ ಕೆಲಸ ಸಿಕ್ಕಿತ್ತು. ಅಧಿಕಾರಿ ಕೂತಿರುವುದು ಡಬ್ಲಿನ್ನಿನ ಸ್ಯಾಂಟ್ರಿಯಲ್ಲಿ. ಇಲ್ಲಿ ಕಾಣುವುದು ಟ್ಯಾಬ್ಲೆಟ್ಟಿನ ಪರದೆಯ ಮೇಲೆ. ಹೆಸರು ಶಿನೇಡ್. ಖಾಸಗಿ ವಿಮಾನ ಇಳಿದಾಗಲೆಲ್ಲ, ಅಂಥ ವಿಮಾನಗಳನ್ನು ನೋಡಿಕೊಳ್ಳುವ ಕಂಪನಿಯಲ್ಲಿ ಕೆಲಸಕ್ಕಿರುವ ರೆಶೆಲ್ ಪ್ರಯಾಣಿಕರ ಮುಂದೆ ಟ್ಯಾಬ್ಲೆಟ್ ಹಿಡಿದು ನಿಲ್ಲಬೇಕು. ಶಿನೇಡ್ ತೋರಿಸೆಂದದ್ದನ್ನು ತೋರಿಸಬೇಕು, ತೆಗೆಯೆಂದದ್ದನ್ನು ತೆಗೆಯಬೇಕು.

ಮೊದಮೊದಲು ರೆಶೆಲ್‌ಗೆ ಇದು ಹುಡುಗಾಟ ಅನ್ನಿಸಿತ್ತು. ಇಷ್ಟು ದೂರದಿಂದ ಯಾರಿಗೆ ಏನು ಕಂಡೀತು? ಆದರೆ ಶಿನೇಡ್‌ಗೆ ಕಾಣುತ್ತಿತ್ತು. ಪೆಟ್ಟಿಗೆಯ ಬಟ್ಟೆಗಿಂತ ಪೆಟ್ಟಿಗೆ ತೆರೆಯುವವರ ಬೆರಳನ್ನು ನೋಡುತ್ತಿದ್ದಳು ಅವಳು. ದನಿ ಎತ್ತಿದ್ದಿಲ್ಲ, ಯಾರನ್ನೂ ಕಳ್ಳರಂತೆ ಕಂಡದ್ದಿಲ್ಲ. ಹಾಗೆಂದು ಯಾರೂ ಅವಳ ಕಣ್ಣಿಗೆ ಮಣ್ಣೆರಚಿದ್ದೂ ಇಲ್ಲ. ಒಂದು ಸಲವಾದರೂ ಎದುರಿಗೆ ಕಂಡಿರದ ಈ ಹೆಂಗಸಿನ ಬಗ್ಗೆ ರೆಶೆಲ್‌ಗೆ ಭಾರಿ ಗೌರವ.

ಆ ದಿನ ಮಧ್ಯಾಹ್ನ ಬೆಂಗಳೂರಿನಿಂದ ಬಂದ ವಿಮಾನದಲ್ಲಿ ಇಬ್ಬರೇ ಪ್ರಯಾಣಿಕರಿದ್ದರು. ಒಬ್ಬರು ವಿಮಾನದ ಮಾಲೀಕರು, ಸತ್ಯಪ್ರಕಾಶ್, ಗಾಲ್ಫ್ ಆಡಲು ಬಂದ ಉದ್ಯಮಿ. ಇನ್ನೊಬ್ಬರು ಮೈಸೂರಿನ ಶಕುಂತಲಮ್ಮ, ಜರಿಯಂಚಿನ ಸೀರೆಯ ಮೇಲೆ ಗಂಡಸರ ಜರ್ಕಿನ್ ತೊಟ್ಟವರು. ಅವರ ಮಗಳು ಅಪೂರ್ವಾ ಸತ್ಯಪ್ರಕಾಶರ ಕಂಪನಿಯ ಐರ್ಲೆಂಡ್ ಶಾಖೆಯ ಉದ್ಯೋಗಿ. ದಿನ ತುಂಬುವ ಮೊದಲೇ ರಕ್ತಸ್ರಾವವಾಗಿ ಲೆಟರ್‌ಕೆನ್ನಿಯ ಆಸ್ಪತ್ರೆಯಲ್ಲಿದ್ದಾಳೆ. ಇವತ್ತು ಸಂಜೆಯೇ ಆಪರೇಷನ್. ಮಗಳ ಬಾಣಂತನಕ್ಕೆಂದು ಮೊದಲೇ ವೀಸಾ ಮಾಡಿಸಿಕೊಂಡಿದ್ದ ತಾಯಿಗೆ ಟಿಕೆಟ್ ಸಿಕ್ಕದೆ ಹೋದಾಗ ಸತ್ಯಪ್ರಕಾಶರು ತಮ್ಮ ವಿಮಾನದಲ್ಲೇ ಕೂರಿಸಿಕೊಂಡು ಬಂದಿದ್ದರು. ದೊಡ್ಡವರಲ್ಲೂ ಇಂಥವರಿರುತ್ತಾರೆ.

ಪಾಸ್‌ಪೋರ್ಟ್ ನೋಡುವ ಪೊಲೀಸರು ಬಂದು ಹೋಗಿದ್ದರು. ಉಳಿದದ್ದು ಶಿನೇಡ್ ಒಬ್ಬಳೇ. ಹೊರಗೆ ಟ್ಯಾಕ್ಸಿ ಕಾಯುತ್ತಿತ್ತು.

"ತಿನ್ನುವ ಪದಾರ್ಥ, ಹಾಲಿನದ್ದು, ಮಾಂಸದ್ದು ಏನಾದರೂ ತಂದಿದ್ದಾರಾ ಕೇಳು," ಎಂದಳು ಶಿನೇಡ್.

"ಅಮ್ಮ, ಇವ್ರು ಕೇಳ್ತಿದ್ದಾರೆ, ತಿನ್ಲಿಕ್ಕೆ ಏನಾದ್ರೂ ತಂದಿದ್ದೀರಾ ಅಂತ."

ಶಕುಂತಲಮ್ಮ ಪರದೆಯ ಹೆಂಗಸಿಗೆ ಕೈಮುಗಿದು, ನಾಚಿಕೊಂಡು ನಕ್ಕರು. "ಅಯ್ಯೋ, ನಾನೇನು ತರಕ್ಕಾಗತ್ತಮ್ಮ? ಅವಸರದಲ್ಲಿ ಹೊರಟಿದ್ದು. ಬರಿಗೈಯಲ್ಲಿ ಬಂದಿದೀನಿ."

ರೆಶೆಲ್ ಆ ಮಾತನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿದಳು. ಏನೂ ತಂದಿಲ್ಲವಂತೆ.

ಸತ್ಯಪ್ರಕಾಶರ ಸಾಮಾನು ಕ್ಷಣದಲ್ಲಿ ಮುಗಿಯಿತು. ಆಮೇಲೆ ಶಕುಂತಲಮ್ಮನ ಚೀಲ. ಜಿಪ್ ಎಳೆದದ್ದೇ ತಡ, ರೆಶೆಲ್‌ಳ ಮೂಗಿಗೆ ಮೊದಲು ಗೊತ್ತಾಯಿತು, ಆಮೇಲೆ ಕಣ್ಣಿಗೆ. ಹಳೆಯ ಟವೆಲ್ಲಿನಲ್ಲಿ ಸುತ್ತಿದ ತುಪ್ಪದ ಡಬ್ಬಿ. ಕ್ಯಾಮೆರಾ ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಕೈಯನ್ನು ಒಂದಿಷ್ಟು ಓರೆ ಮಾಡಿದರೆ ಸಾಕಿತ್ತು, ಈ ತಾಯಿ ಇನ್ನೊಂದು ನಿಮಿಷದಲ್ಲಿ ಟ್ಯಾಕ್ಸಿಯಲ್ಲಿರುತ್ತಿದ್ದರು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅಲ್ಲಿ ಸ್ಯಾಂಟ್ರಿಯಲ್ಲಿ ಕೂತವಳು ನಂಬಿರುವುದು ಈ ಕೈಯನ್ನೇ. ರೆಶೆಲ್ ಟ್ಯಾಬ್ಲೆಟ್ಟನ್ನು ನೇರವಾಗಿ ಡಬ್ಬಿಯ ಮೇಲೆ ಹಿಡಿದಳು.

ಶಿನೇಡ್‌ಳ ಮುಖ ಗಂಭೀರವಾಯಿತು. "ಇಲ್ಲ ಅಂದರಲ್ಲ? ಇಲ್ಲ ಎಂದು ಹೇಳಿ ತಂದವರನ್ನು ನಾನು ವಿಡಿಯೋದಲ್ಲಿ ಬಿಡುವಂತಿಲ್ಲ, ರೆಶೆಲ್. ವಿಮಾನ ಡಬ್ಲಿನ್ನಿಗೆ ಬರಬೇಕು, ಇಬ್ಬರೂ ಅದರಲ್ಲೇ."

ಡಬ್ಲಿನ್ನಿಗೆ ಹೋಗಿ, ಅಲ್ಲಿಂದ ರಸ್ತೆಯಲ್ಲಿ ಲೆಟರ್‌ಕೆನ್ನಿಗೆ ಬರುವಷ್ಟರಲ್ಲಿ ರಾತ್ರಿಯಾಗುತ್ತದೆ. ಸತ್ಯಪ್ರಕಾಶರಿಗೆ ಅರ್ಥವಾಯಿತು. "ಮೇಡಂ, ನಾನು, ನನ್ನ ಪ್ಲೇನು, ಎಲ್ಲಿಗ್ ಬೇಕಾದ್ರೂ ಬರ್ತೀವಿ. ಇವರನ್ನ ಮಾತ್ರ ಬಿಟ್ಬಿಡಿ," ಎಂದು ಕನ್ನಡದಲ್ಲೇ ಬೇಡಿದರು, ಆಮೇಲೆ ನೆನಪಾಗಿ, ಮಗಳ ಹೆರಿಗೆಯ ಆಪರೇಷನ್ ವಿಷಯವನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಬೇಡಿದರು. ಶಕುಂತಲಮ್ಮ ಮಾತ್ರ ಏನಾಗುತ್ತಿದೆ ಎಂದು ತಿಳಿಯದೆ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದರು.

ರೆಶೆಲ್ ಧೈರ್ಯ ಮಾಡಿದಳು. "ಶಿನೇಡ್, ತಪ್ಪು ನನ್ನದು. ಮಾತನ್ನು ಇಂಗ್ಲಿಷಿಗೆ ತಂದೆ, ಅರ್ಥವನ್ನು ತರಲಿಲ್ಲ. ನಮ್ಮ ಕಡೆ ಏನು ತಂದಿರಿ ಅಂತ ಕೇಳಿದರೆ ಇಂತಿಂಥದ್ದು ತಂದಿದ್ದೀನಿ ಅಂತ ಯಾರೂ ಹೇಳುವುದಿಲ್ಲ. ಹೇಳಿದರೆ ಜಂಬ. ನನ್ನಮ್ಮ ಎರಡು ಹಲಸಿನ ಹಣ್ಣು ಹೊತ್ತುಕೊಂಡು ನಿಂತಿದ್ದರೂ ಬರಿಗೈಯಲ್ಲಿ ಬಂದೆ ಅನ್ನುತ್ತಾಳೆ. ಇವರು ಸುಳ್ಳು ಹೇಳಲಿಲ್ಲ, ಮರ್ಯಾದೆ ಮಾಡಿದರು."

ಶಿನೇಡ್ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು.

"ನಮ್ಮಜ್ಜಿಯೂ ಹಾಗೇ," ಎಂದಳು. "ಚಹಾ ಬೇಕಾ ಅಂದರೆ ಬೇಡ, ಬೇಡ, ಬೇಡ. ಮೂರನೆಯ ಬೇಡ ಕೇಳಿ ಸುಮ್ಮನಾದವರನ್ನು ಸಾಯುವತನಕ ಕ್ಷಮಿಸಲಿಲ್ಲ." ತುಟಿಯ ಅಂಚಿನಲ್ಲಿ ನಗು ಬಂದು ಹೋಯಿತು. "ಪ್ರಶ್ನೆ ಸರಿಯಾಗಿ ಹೋಗಿಲ್ಲ ಅಂದಮೇಲೆ ಇನ್ನೊಮ್ಮೆ ಕೇಳಬಹುದು. ಆದರೆ ಉತ್ತರ ನನಗೆ ಅವರ ಬಾಯಿಂದಲೇ ಬರಬೇಕು. ನೀನು ಹೇಳಿಕೊಡಬಾರದು. ಒಂದೇ ಒಂದು ಬಿಟ್ಟುಹೋದರೂ ಡಬ್ಲಿನ್ನೇ."

"ಏನಂತ ಕೇಳಲಿ?"

ಶಿನೇಡ್ ಒಂದು ಕ್ಷಣ ಶಕುಂತಲಮ್ಮನ ಮುಖವನ್ನು ನೋಡಿದಳು. "ಮಗುವಾದ ಮೇಲೆ ಮಗಳಿಗೆ ಏನೇನು ಮಾಡಿ ಹಾಕುತ್ತಾರೆ, ಅದನ್ನು ಕೇಳು."

ಇಷ್ಟು ಕೇಳಿದ್ದೇ ತಡ, ಕಟ್ಟೆ ಒಡೆಯಿತು. ಶಕುಂತಲಮ್ಮ ಟ್ಯಾಬ್ಲೆಟ್ಟಿನ ಹತ್ತಿರಕ್ಕೇ ಸರಿದು, ಶಿನೇಡ್ ತಮ್ಮ ಬೀಗಿತ್ತಿಯೇನೋ ಎಂಬಂತೆ ಶುರುಮಾಡಿದರು. "ಮೊದಲ ವಾರ ಬರೀ ಮೆಣಸಿನ ಸಾರು ಅನ್ನ, ಮೇಲೆ ತುಪ್ಪ. ತುಪ್ಪ ನಾನೇ ಕಾಯಿಸಿದ್ದು. ಆಮೇಲೆ ಬಾಣಂತಿ ಪುಡಿ, ಶುಂಠಿ ಪುಡಿ. ಬೆಳಿಗ್ಗೆ ಒಂದು ಅಂಟಿನುಂಡೆ. ಹಾಲು ಚೆನ್ನಾಗಿ ಬರ್ಲಿ ಅಂತ ಸಬ್ಬಸಿಗೆ ಬೀಜ."

"ಅದೆಲ್ಲ ಎಲ್ಲಿದೆ?" ಪ್ರತಿಯೊಂದಕ್ಕೂ ಶಿನೇಡ್ ಮೆಲ್ಲಗೆ ಕೇಳಿದಳು, ಪ್ರತಿಯೊಂದನ್ನೂ ಶಕುಂತಲಮ್ಮ ತೆಗೆದು ತೋರಿಸಿದರು. ತುಪ್ಪ, ಪುಡಿಗಳು, ಉಂಡೆಗಳು, ಆಸ್ಪತ್ರೆಯ ದಾದಿಯರಿಗೆಂದು ಪೇಡದ ಪೊಟ್ಟಣ. ಚೀಲದ ಸೀರೆಯೊಂದರ ಮಡಿಕೆಯೊಳಗಿಂದಲೂ ಒಂದು ಪೊಟ್ಟಣ ಬಂತು.

"ಮತ್ತೆ?"

"ಮತ್ತೆ ಮೊಸರನ್ನ. ಮೊಸರಿಲ್ದೆ ಅವಳಿಗೆ ಊಟ ಸೇರಲ್ಲ. ಅದಕ್ಕೆ ನಮ್ಮನೆ ಹೆಪ್ಪು ತಂದಿದೀನಿ. ನಮ್ಮತ್ತೆ ಕಾಲದಿಂದ ಬಂದಿದ್ದು."

"ಎಲ್ಲಿದೆ?"

"ವಿಮಾನದ ಫ್ರಿಜ್ಜಲ್ಲಿ."

"ನಮ್ ಫ್ರಿಜ್ಜಲ್ಲಾ?" ಎಂದರು ಸತ್ಯಪ್ರಕಾಶ್, ಬಾಯಿ ಬಿಟ್ಟುಕೊಂಡು. ರೆಶೆಲ್ ಟ್ಯಾಬ್ಲೆಟ್ ಹಿಡಿದು ಮೆಟ್ಟಿಲು ಹತ್ತಿ ನೋಡಿದರೆ, ದುಬಾರಿ ಶಾಂಪೇನ್ ಬಾಟಲಿಗಳ ನಡುವೆ ಒಂದು ಸ್ಟೀಲಿನ ಗಿಂಡಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿದ ಪ್ಲಾಸ್ಟಿಕ್ ಹಾಳೆ, ಗಂಭೀರವಾಗಿ ಕೂತಿತ್ತು. ಶಿನೇಡ್ ನಕ್ಕೇಬಿಟ್ಟಳು. ತಾನು ಎಷ್ಟು ಕ್ಯಾಮೆರಾ ತಿರುಗಿಸಿದ್ದರೂ ಇದು ಕಾಣುತ್ತಿರಲಿಲ್ಲ ಎಂದು ಅವಳೇ ಒಪ್ಪಿಕೊಂಡಳು. ಒಳ್ಳೆಯ ಅಧಿಕಾರಿ ಹೀಗಿರಬೇಕು ಎಂದು ರೆಶೆಲ್‌ಗೆ ಅನ್ನಿಸಿತು.

ಆದರೂ ನಿಯಮ ನಿಯಮವೇ. ತುಪ್ಪ, ಪೇಡ, ಉಂಡೆ, ಹೆಪ್ಪು, ಹಾಲಿನದ್ದು ಯಾವುದೂ ಒಳಗೆ ಹೋಗುವಂತಿರಲಿಲ್ಲ. ರೆಶೆಲ್ ಅದನ್ನು ಕನ್ನಡದಲ್ಲಿ ಹೇಳಿದಳು. ಶಕುಂತಲಮ್ಮ ಗಿಂಡಿಯನ್ನು ಒಮ್ಮೆ ಸೆರಗಿನಿಂದ ಒರೆಸಿದರು.

"ತಗೊಳ್ಳಮ್ಮ, ಎಲ್ಲಾ ತಗೊ. ಒಳಗೆ ಕರ್ಕೊಂಡ್ ಹೋಗೋಕ್ ಮುಂಚೆ ಒಂದ್ಸಲ ಮಗಳ ಮುಖ ನೋಡಿದ್ರೆ ಸಾಕು ನಂಗೆ."

"ಗ್ರ್ಯಾಂಡ್," ಎಂದಳು ಶಿನೇಡ್, ಆಗಲಿ ಎನ್ನುವುದಕ್ಕೆ ಅಲ್ಲಿಯವರ ಮಾತು. "ಪುಡಿಗಳನ್ನು ಕೊಟ್ಟು ಕಳಿಸು. ಬೇಗ."

ರೆಶೆಲ್‌ಳ ನಂಬರು ಇಸಿದುಕೊಂಡು ಶಕುಂತಲಮ್ಮ ಟ್ಯಾಕ್ಸಿ ಹತ್ತಿದರು. ರೆಶೆಲ್ ಕ್ಯಾಮೆರಾದ ಎದುರೇ ಒಂದೊಂದನ್ನೂ ನಾಶಪಡಿಸುವ ಚೀಲಕ್ಕೆ ಹಾಕಿ ಸೀಲ್ ಮಾಡಿದಳು. ಕೆಲಸ ಮುಗಿದಿತ್ತು. ಶಿನೇಡ್ ಕರೆ ಕಡಿಯಬೇಕಿತ್ತು, ಕಡಿಯಲಿಲ್ಲ. ಪಾಳಿ ಮುಗಿದು ಅವಳ ಹಿಂದಿನ ದೀಪಗಳು ಒಂದೊಂದೇ ಆರಿದವು. ಅವಳು ಕೋಟು ಹಾಕಿಕೊಂಡು ಅಲ್ಲೇ ಕೂತಳು. ತಾಯಿ ಹೊತ್ತಿಗೆ ಸರಿಯಾಗಿ ತಲುಪಿದರೇ ಎಂಬ ಮಾತನ್ನು ಇಬ್ಬರೂ ಎತ್ತದೆ, ಹವಾಮಾನದ ವಿಷಯ ಮಾತಾಡಿದರು.

ಕೊನೆಗೆ ರೆಶೆಲ್‌ಗೆ ಫೋನು ಬಂತು. ಅವಳು ಅದನ್ನು ಸ್ಪೀಕರಿಗೆ ಹಾಕಿ ಟ್ಯಾಬ್ಲೆಟ್ಟಿನ ಮುಂದೆ ಹಿಡಿದಳು. ಶಕುಂತಲಮ್ಮನಿಗೆ ಏದುಸಿರು.

"ಸಿಕ್ಕಿದ್ಲಮ್ಮ. ಬಾಗಿಲ ಹತ್ರಾನೇ ಸಿಕ್ಕಿದ್ಲು. ಗಾಲಿ ಮಂಚ ನಿಲ್ಸಿದ್ರು ಪಾಪ, ಒಳ್ಳೆ ಜನ. ಕೈಯೆಲ್ಲ ತಣ್ಣಗಾಗಿತ್ತು ಕಣಮ್ಮ ನನ್ ಮಗಳದ್ದು. ಉಜ್ಜಿ, ಬೆಚ್ಚಗೆ ಮಾಡಿ, ಒಳಗೆ ಕಳಿಸ್ದೆ."